ಡ್ಯೂರರನ ಖಡ್ಗಮೃಗ: ಕಂಡದ್ದು ಮತ್ತು ಕಂಡರಿಸಿದ್ದು

ಜರ್ಮನಿಯ ನ್ಯೂರೆಂಬರ್ಗ್ ನಗರದ ಕಲಾವಿದ ಆಲ್ಬ್ರೆಕ್ಟ್ ಡ್ಯೂರರನು 1515ರಲ್ಲಿ ರಚಿಸಿದ ಖಡ್ಗಮೃಗದ ಮರದಚ್ಚಿನ ಚಿತ್ರವು ಯುರೋಪಿನ ಪ್ರಾಣಿಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧವಾದವುಗಳಲ್ಲೊಂದು. ಆದರೆ ಆತನು ಆ ಮೃಗವನ್ನು ಕಂಡವನಲ್ಲ. ಲಿಸ್ಬನ್ನಿನಿಂದ ಬಂದ ಒಂದು ವರ್ಣನೆ, ಒಂದು ರೇಖಾಚಿತ್ರ, ಇವಿಷ್ಟೇ ಆತನಿಗೆ ಆಧಾರ. ಕಾಣದೆ ಕಂಡರಿಸಿದ ಈ ರೂಪವು ಎರಡು ಶತಮಾನಗಳಿಗೂ ಮಿಕ್ಕಿ ಪ್ರಮಾಣವೆನಿಸಿದ್ದು ಹೇಗೆಂಬುದು ವಿಚಾರಾರ್ಹವಾಗಿದೆ.

ಮೃಗವು ಭಾರತದ್ದು. ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಶಾಹನು ಅದನ್ನು ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕನಿಗೆ ಕಾಣಿಕೆಯಾಗಿ ಇತ್ತನು. ಆಲ್ಬುಕರ್ಕನು ಅದನ್ನು ಗೋವೆಯಿಂದ ತನ್ನ ದೊರೆ ಮ್ಯಾನುಯೆಲನಿಗೆ ಹಡಗಿನಲ್ಲಿ ಕಳುಹಿಸಿದನು. 1515ರ ಮೇ 20ರಂದು ಅದು ಲಿಸ್ಬನ್ನನ್ನು ಮುಟ್ಟಿತು.

ಡ್ಯೂರರನ ಚಿತ್ರದಲ್ಲಿ ಚರ್ಮದ ಮಡಿಕೆಗಳು ಕಮ್ಮಾರನು ಬಡಿದು ಜೋಡಿಸಿದ ಕವಚದ ಫಲಕಗಳಾಗಿವೆ, ಕಾಲುಗಳಿಗೆ ಹುರುಪೆಗಳಿವೆ, ಹೆಗಲ ಮೇಲೆ ಸುರುಳಿಸುತ್ತಿದ ಇನ್ನೊಂದು ಕಿರುಗೊಂಬು ಮೂಡಿದೆ. ಭಾರತದ ಖಡ್ಗಮೃಗಕ್ಕಾದರೋ ಕೊಂಬು ಒಂದೇ. ಹಾಗೆಂದು ಇದನ್ನು ಬರಿಯ ಕಟ್ಟುಕಥೆಯೆಂದು ತಳ್ಳುವಂತಿಲ್ಲ. ಆ ಪ್ರಾಣಿಯ ತೊಗಲಿನಲ್ಲಿ ದಪ್ಪ ಮಡಿಕೆಗಳೂ ಗಂಟುಗಳೂ ಇರುವುದು ನಿಜ. ದೇಹದ ಭಾರ, ತಗ್ಗಿದ ತಲೆಯ ಬಿಗುವು ಸೊಗಸಾಗಿ ಮೂಡಿವೆ. ತಪ್ಪು ಬೆಳೆದಿರುವುದು ನಿಜದ ಬೇರಿನಿಂದಲೇ; ರೇಖೆಯ ದೃಢತೆ ಅದಕ್ಕೆ ಸಾಕ್ಷಿಯ ಗಾಂಭೀರ್ಯವನ್ನು ಕೊಟ್ಟಿದೆ.

ಅದೇ ವರ್ಷ ಆಗ್ಸ್‌ಬರ್ಗಿನ ಹಾನ್ಸ್ ಬುರ್ಕ್‌ಮೈರನೂ ಇದೇ ಮೃಗವನ್ನು ಮರದಚ್ಚಿನಲ್ಲಿ ಮೂಡಿಸಿದನು. ಅವನ ಚಿತ್ರದಲ್ಲಿ ಹೆಗಲ ಕೊಂಬಿಲ್ಲ. ತೊಗಲು ತೊಗಲಾಗಿಯೇ ಇದೆ. ಮುಂಗಾಲುಗಳಿಗೆ ಹಗ್ಗದ ಕಟ್ಟಿದೆ. ಸತ್ಯಕ್ಕೆ ಹೆಚ್ಚು ಹತ್ತಿರವಾದ ಈ ಚಿತ್ರದ ಒಂದೇ ಒಂದು ಪ್ರತಿ ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹದಲ್ಲಿ ಉಳಿದಿದೆ. ಡ್ಯೂರರನ ಅಚ್ಚಾದರೋ ಅವನು 1528ರಲ್ಲಿ ತೀರಿಕೊಂಡ ಮೇಲೆಯೂ ಮತ್ತೆ ಮತ್ತೆ ಮುದ್ರಣಗೊಂಡಿತು. ಸ್ವಿಟ್ಜರ್ಲೆಂಡಿನ ಪಂಡಿತ ಗೆಸ್ನರನು 1551ರಲ್ಲಿ ಪ್ರಕಟಿಸಲಾರಂಭಿಸಿದ ಪ್ರಾಣಿಶಾಸ್ತ್ರ ಗ್ರಂಥದಲ್ಲಿ ಅದನ್ನೇ ಅನುಸರಿಸಿದನು. ಅಲ್ಲಿಂದ ಅದು ಪುಸ್ತಕದಿಂದ ಪುಸ್ತಕಕ್ಕೆ ಸಾಗಿತು. ಒಬ್ಬನ ನಕಲು ಮತ್ತೊಬ್ಬನಿಗೆ ಆಧಾರವಾಯಿತು. ಮೃಗವನ್ನು ನೋಡಬೇಕೆಂಬ ಅಗತ್ಯವೇ ತೋರದಾಯಿತು. 1741ರಲ್ಲಿ ಯುರೋಪಿಗೆ ಬಂದ ಕ್ಲಾರಾ ಎಂಬ ಭಾರತೀಯ ಖಡ್ಗಮೃಗವನ್ನು ಜನರು ಊರೂರುಗಳಲ್ಲಿ ಕಂಡ ಮೇಲೆ, 1749ರಲ್ಲಿ ಫ್ರಾನ್ಸಿನ ಊದ್ರಿಯು ಅದನ್ನು ಕಣ್ಣಾರೆ ನೋಡಿ ಚಿತ್ರಿಸಿದ ಮೇಲೆ, ಡ್ಯೂರರನ ಕವಚವು ಕ್ರಮೇಣ ಸಡಿಲವಾಯಿತು.

ಮೂಲ ಮೃಗದ ಗತಿ ಬೇರೆಯಾಗಿತ್ತು. ಮ್ಯಾನುಯೆಲನು ಅದನ್ನು ಹತ್ತನೆಯ ಲಿಯೋ ಪೋಪನಿಗೆ ಉಡುಗೊರೆಯಾಗಿ ಕಳುಹಿಸಿದನು. 1516ರ ಆದಿಯಲ್ಲಿ ಇಟಲಿಯ ಕರಾವಳಿಯ ಬಳಿ ಹಡಗು ಒಡೆಯಿತು. ಈಜಬಲ್ಲ ಪ್ರಾಣಿಯು ಸರಪಣಿಯ ಬಂಧನದಲ್ಲಿ ಮುಳುಗಿ ಸತ್ತಿತು. ಡ್ಯೂರರನ ಚಿತ್ರದಲ್ಲಿ ಅಂಥ ಬಂಧನದ ಸುಳಿವಿಲ್ಲ. ಅಲ್ಲಿರುವುದು ಯಾರಿಗೂ ಮಣಿಯದ ಉಕ್ಕಿನ ಮೃಗ. ಇಲ್ಲದ ಕೊಂಬನ್ನು ಸೇರಿಸಿದ್ದು ಸಣ್ಣ ದೋಷ. ಇದ್ದ ಹಗ್ಗವು ಕಾಣದೆ ಹೋದದ್ದು ಅದಕ್ಕಿಂತ ದೊಡ್ಡ ಲೋಪವೆನ್ನಬೇಕು.