ಊಟಿಯ ಅರಮನೆ ಹೋಟೆಲಿನ ಕಥೆ: ಪಂಜದಿಂದ ಒಂದು ವ್ಯಾಖ್ಯಾನ

ಊಟಿಯ ಫರ್ನ್‌ಹಿಲ್ಸ್ ಅರಮನೆ ಹೋಟೆಲಿನಲ್ಲಿ ದೆವ್ವವಿದೆ ಎಂಬ ಕಥೆ ಬಾಯಿಂದ ಬಾಯಿಗೆ ಹರಡಿ ತುಳುನಾಡಿನ ನಮ್ಮ ಪಂಜದವರೆಗೂ ಬಂದಿದೆ. ಹೇಳುವವರ ಬಾಯಲ್ಲಿ ಅದು ಐದೇ ಸಾಲು. ಒಂದೊಂದನ್ನೇ ಬಿಡಿಸಿ ನೋಡೋಣ.

“ಅದು ಮೈಸೂರು ಮಹಾರಾಜರ ಅರಮನೆ.”

ಈ ಸಾಲು ನಿಜ. 1844ರಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬ ಅಲ್ಲಿ ಬಂಗಲೆ ಕಟ್ಟಿಸಿದ. 1873ರಲ್ಲಿ ಅದು ಮೈಸೂರು ಒಡೆಯರ ಕೈಸೇರಿ ಅವರ ಬೇಸಿಗೆ ಅರಮನೆಯಾಯಿತು. ಬರ್ಮಾ ತೇಗದ ಕೆಲಸ, ನರ್ತನದ ಸಭಾಂಗಣ, ಬೇಟೆಯ ಚಿತ್ರಗಳು ಅಲ್ಲಿದ್ದವು. ಮುಂದೆ ಹೋಟೆಲಾಯಿತು. ಕಥೆ ಹೇಳುವವರು ಈ ಸಾಲನ್ನು ಒಂದೇ ಉಸಿರಿಗೆ ದಾಟಿಬಿಡುತ್ತಾರೆ. ಕೇಳಲೇಬೇಕಾದ ಸಂಗತಿ ಇರುವುದು ಇಲ್ಲಿಯೇ.

“ಸಿನಿಮಾದವರು ಬಂದು ಅಲ್ಲಿ ಉಳಿದರು.”

2002ರಲ್ಲಿ ತೆರೆಕಂಡ ‘ರಾಜ್’ ಎಂಬ ಹಿಂದಿ ಚಿತ್ರದ ತಂಡ ಅದು ಎನ್ನುತ್ತಾರೆ. ‘ರಾಜ್’ ದೆವ್ವದ ಚಿತ್ರ. ಹಗಲೆಲ್ಲ ಹೆದರಿಕೆಯನ್ನೇ ಕಟ್ಟಿ ನಿಲ್ಲಿಸಿದವರು ರಾತ್ರಿ ಆ ಹೆದರಿಕೆಯ ಜೊತೆಗೇ ಮಲಗಿದರು.

“ನಡುರಾತ್ರಿ ಮೇಲಿನ ಮಹಡಿಯಲ್ಲಿ ಮೇಜು ಕುರ್ಚಿ ಎಳೆದ ಸದ್ದು.”

ಹೊಸ ಜಾಗದ ಮೊದಲ ರಾತ್ರಿ ಮಿದುಳು ಪೂರ್ತಿ ಮಲಗುವುದಿಲ್ಲ. ಅದರ ಎಡಭಾಗ ಅರೆ ಎಚ್ಚರದಲ್ಲಿದ್ದು ಸಣ್ಣ ಸದ್ದಿಗೂ ಕಿವಿಗೊಡುತ್ತದೆ ಎಂದು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಊಟಿ ಇರುವುದು ಸಮುದ್ರ ಮಟ್ಟದಿಂದ 2,200 ಮೀಟರಿಗೂ ಎತ್ತರದಲ್ಲಿ. ಹಗಲಿನ ಬಿಸಿಲಿಗೆ ಹಿಗ್ಗಿದ ಮರ ರಾತ್ರಿಯ ಚಳಿಗೆ ಕುಗ್ಗುವಾಗ ಲಟಕ್ಕೆನ್ನುತ್ತದೆ. ಕೇಳಿದವರು ಸುಳ್ಳು ಹೇಳಿದರೆಂದು ನಾನು ಹೇಳಲಾರೆ. ಸದ್ದು ಕೇಳಿಸಿರಲೂಬಹುದು.

“ಕೆಳಗೆ ಹೇಳೋಣವೆಂದರೆ ಫೋನ್ ಸತ್ತಿತ್ತು. ಬೆಳಿಗ್ಗೆ ವಿಚಾರಿಸಿದರೆ, ಮೇಲೆ ಮಹಡಿಯೇ ಇಲ್ಲ!”

ಮೈ ಜುಮ್ಮೆನ್ನುವುದು ಇಲ್ಲಿ. ಆದರೆ ಮಹಡಿ ಇಲ್ಲದ ಮಾತ್ರಕ್ಕೆ ಮೇಲೆ ಏನೂ ಇಲ್ಲವೆಂದಾಗದು. ಮಾಡು ಇದೆ, ತೊಲೆ ಇದೆ, ಪಕ್ಕಾಸು ಇದೆ, ನಡುವೆ ಟೊಳ್ಳು ಇದೆ. ಅಟ್ಟದಲ್ಲಿ ಇಲಿಯೋ ಕಬ್ಬೆಕ್ಕೋ ಓಡಿದರೆ ಆಳು ನಡೆದಂತೆ ಕೇಳುವುದು ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಮಲಗಿದ ಎಲ್ಲರಿಗೂ ಗೊತ್ತು.

“ಅಲ್ಲಿ ಯಾರೋ ಇದ್ದಾರೆ.”

ಯಾರು? ಕಥೆಗೆ ಉತ್ತರವಿಲ್ಲ. ಹೆಸರಿಲ್ಲ, ಊರಿಲ್ಲ, ಸತ್ತ ಕಾರಣವಿಲ್ಲ. ತುಳುನಾಡಿನವನಾದ ನನಗೆ ಇದು ದೊಡ್ಡ ಕೊರತೆಯಾಗಿ ಕಾಣುತ್ತದೆ. ಗುತ್ತು, ಬೀಡು ಎಂಬ ನಮ್ಮ ಹಳೆಯ ಮನೆತನದ ಮನೆಗಳಲ್ಲೂ ಕಣ್ಣಿಗೆ ಕಾಣದವರಿದ್ದಾರೆ. ಆದರೆ ಅವರಿಗೆ ಹೆಸರಿದೆ, ಚಾವಡಿಯಲ್ಲಿ ಜಾಗವಿದೆ, ತಂಬಿಲ, ನೇಮ ಎಂಬ ಆರಾಧನೆಗಳಿಗೆ ದಿನವಿದೆ, ಹುಟ್ಟಿನಿಂದ ಕಾಯ ಬಿಡುವವರೆಗಿನ ಕಥೆ ಹಾಡುವ ಪಾಡ್ದನವಿದೆ. ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುತ್ತೇವೆ. ಮದುವೆಯಾಗದೆ ಸತ್ತವರಿಗೆ ಮದುವೆಯನ್ನೂ ಮಾಡಿಸುತ್ತೇವೆ.

ಕೋಟಿ ಚೆನ್ನಯರನ್ನೇ ನೆನೆಯಿರಿ. ಪಡುಮಲೆ ಬಿಟ್ಟು ಪಂಜಕ್ಕೆ ಬಂದ ಅವಳಿ ವೀರರನ್ನು ಇಲ್ಲಿನ ಬಲ್ಲಾಳ ಸೆರೆಗೆ ತಳ್ಳಿದ, ಅವರು ಸೆರೆ ಮುರಿದು ಎಣ್ಮೂರಿಗೆ ಹೋದರು ಎನ್ನುತ್ತದೆ ಪಾಡ್ದನ. ಮುಂದೆ ಕಾಳಗವೊಂದರಲ್ಲಿ ಕೋಟಿ ಬಾಣಕ್ಕೆ ಬಿದ್ದ, ಅಣ್ಣನ ಅಗಲಿಕೆ ತಾಳದೆ ಚೆನ್ನಯನೂ ಪ್ರಾಣ ಬಿಟ್ಟ. ಹಾಗೆ ಸತ್ತವರು ಬೇರೆ ಕಡೆಯಾಗಿದ್ದರೆ ಹಳೇ ಕಟ್ಟಡವೊಂದರ ಸದ್ದಾಗಿ ಉಳಿಯುತ್ತಿದ್ದರೇನೋ. ಆದರೆ ಎಣ್ಮೂರಿನ ಆದಿ ಗರಡಿಯಲ್ಲಿ ಅವರು ಕೈಮುಗಿಸಿಕೊಳ್ಳುವ ಬೈದೆರುಗಳು, ದೈವವಾದ ವೀರರು. ಅವರ ಮುಂದೆ ನಮಗೆ ಭಯವೂ ಇದೆ, ಭಕ್ತಿಯೂ ಇದೆ, ಅನ್ಯಾಯದ ನೆನಪೂ ಇದೆ.

ಊಟಿಯ ಕಥೆಯಲ್ಲಿ ಭಯವೊಂದೇ ಉಳಿದಿದೆ. ಆ ಅರಮನೆಯಲ್ಲಿ ಕಲ್ಲು ಹೊತ್ತವರು, ಅಗ್ಗಿಷ್ಟಿಕೆಗೆ ಸೌದೆ ಒಟ್ಟಿದವರು, ಅಡುಗೆಮನೆಯಲ್ಲಿ ಬೆಂದವರು ಇದ್ದೇ ಇದ್ದರು. ಅವರ ನೆನಪು ಅಳಿಸಿಹೋದ ಕಡೆ ಹೆಸರಿಲ್ಲದ ದೆವ್ವ ಬಂದು ಕೂತಿದೆ. ಹಳೆಯ ಅರಮನೆಯಲ್ಲಿ ಉಳಿಯಲು ಹೋಗುವವರಲ್ಲಿ ನನ್ನ ಕೋರಿಕೆ ಇಷ್ಟೇ: ದೆವ್ವದ ಕೋಣೆ ಯಾವುದೆಂದು ಕೇಳುವ ಮೊದಲು, ಇದನ್ನು ಕಟ್ಟಿದವರು ಯಾರು, ಇಲ್ಲಿ ದುಡಿದವರು ಯಾರು ಎಂದು ಕೇಳಿ. ಗೊತ್ತಾದ ಹೆಸರುಗಳನ್ನು ಮಕ್ಕಳಿಗೂ ಹೇಳಿ.