ಕಡೆಯ ಸಂಪುಟದ ಸಾಕ್ಷ್ಯವಿಚಾರ

ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಕಥಾಮಾಲೆಯ ಮೊದಲನೆಯ ಗ್ರಂಥವು ೧೯೯೭ರಲ್ಲಿ ಪ್ರಕಟವಾಯಿತು. ಏಳನೆಯದೂ ಕಡೆಯದೂ ಆದ ‘ಹ್ಯಾರಿ ಪಾಟರ್ ಅಂಡ್ ದ ಡೆತ್ಲಿ ಹ್ಯಾಲೋಸ್’ ೨೦೦೭ರ ಜುಲೈ ೨೧ರಂದು ಹೊರಬಂದಿತು. ಅನಾಥ ಬಾಲಕನೊಬ್ಬನು ಮಾಂತ್ರಿಕವಿದ್ಯೆಯ ಶಾಲೆಯನ್ನು ಸೇರಿದ ಕಥೆಯಾಗಿ ತೊಡಗಿದುದು ಹತ್ತು ವರ್ಷಗಳಲ್ಲಿ ಒಂದು ಪ್ರಭುತ್ವದ ಪತನದ ಕಥೆಯಾಗಿ ಬೆಳೆದು ನಿಂತಿತು. ಇಂತಹ ಅದ್ಭುತಕಥೆಯನ್ನು ಚರಿತ್ರೆಯ ಅಧ್ಯಾಪಕರಾದ ನಾವು ವಿಚಾರಕ್ಕೆ ತೆಗೆದುಕೊಳ್ಳುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಈ ಸಂಪುಟದ ನಾಯಕನು ಶತ್ರುಗಳೊಡನೆ ಎಷ್ಟು ಸೆಣಸುತ್ತಾನೆಯೋ ಸಾಕ್ಷ್ಯಗಳೊಡನೆಯೂ ಅಷ್ಟೇ ಸೆಣಸುತ್ತಾನೆ. ಪೂಜ್ಯನೆನಿಸಿದವನ ಗತಜೀವನವನ್ನು ಅರಿಯುವ ಬಗೆ ಯಾವುದು, ಯಾರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದು ಅವನ ಸಂಕಟ. ನಮ್ಮ ಶಾಸ್ತ್ರದ ಸಂಕಟವೂ ಅದೇ.

ಗುರುವಾದ ಡಂಬಲ್‌ಡೋರನು ಆರನೆಯ ಸಂಪುಟದ ಕೊನೆಯಲ್ಲಿ ಮಡಿಯುತ್ತಾನೆ. ಏಳನೆಯದರಲ್ಲಿ ಅವನ ತಾರುಣ್ಯವನ್ನು ಕುರಿತು ಸಾಕ್ಷ್ಯಗಳು ಒಂದೊಂದಾಗಿ ಬರುತ್ತವೆ. ಗೆಳೆಯ ಡೋಜ್ ಬರೆದ ಚರಮಲೇಖನವು ಪ್ರೀತಿಯಿಂದ ಕೂಡಿದುದು, ಆ ಕಾರಣದಿಂದಲೇ ಅಪೂರ್ಣವಾದುದು. ರೀಟಾ ಸ್ಕೀಟರಳ ಜೀವನಚರಿತ್ರೆಯು ಅಪವಾದದ ಹಸಿವಿನಿಂದ ಹುಟ್ಟಿದುದು. ಮಾಂತ್ರಿಕ ಚರಿತ್ರೆಯ ಪಠ್ಯಪುಸ್ತಕವನ್ನು ಬರೆದ, ಈಗ ಬುದ್ಧಿ ಮಸುಕಾದ ಬಥಿಲ್ಡಾ ಬ್ಯಾಗ್‌ಶಾಟ್ ಎಂಬ ವೃದ್ಧೆಯ ಬಾಯಿಂದ ಅವಳು ವಿಷಯವನ್ನು ಹೊರಡಿಸಿದ ರೀತಿ ಅಸಹ್ಯವಾದುದು. ಆದರೂ ಅವಳು ಅಚ್ಚುಹಾಕಿಸಿದ ಪತ್ರವು ನಿಜವಾಗಿಯೂ ಡಂಬಲ್‌ಡೋರನ ಹಸ್ತಾಕ್ಷರದ್ದು. ಲೋಕಹಿತದ ನೆಪದಲ್ಲಿ ಮಾಂತ್ರಿಕರು ಇತರರನ್ನು ಆಳಬೇಕೆಂದು ಅವನು ಹದಿಹರೆಯದಲ್ಲಿ ನಂಬಿದ್ದುದಕ್ಕೆ ಅದು ಪ್ರಮಾಣ. ಹಾಗೆಂದು ಸ್ಕೀಟರಳ ಊಹೆಗಳೆಲ್ಲ ಸತ್ಯವಲ್ಲ. ಅವನ ತಂಗಿ ಅರಿಯಾನಾ ಮಂತ್ರಶಕ್ತಿಯಿಲ್ಲದವಳೆಂದು ಮನೆಯವರು ನಾಚಿ ಅವಳನ್ನು ಬಚ್ಚಿಟ್ಟರೆಂಬ ಸೂಚನೆಯನ್ನು ತಮ್ಮನಾದ ಅಬರ್‌ಫೋರ್ತನ ಮಾತು ಅಲ್ಲಗಳೆಯುತ್ತದೆ. ದಾಖಲೆ ದಿಟ, ಅದರ ಸುತ್ತ ಹೆಣೆದ ಅನುಮಾನ ಸಟೆ. ಸ್ನೇಹಿತನು ಮರೆಮಾಚಿದುದನ್ನು ದ್ವೇಷಿಯು ಬಯಲಿಗೆಳೆದಳು. ಸಾಕ್ಷಿಯ ಶೀಲವೇ ಬೇರೆ, ಸಾಕ್ಷ್ಯದ ಬೆಲೆಯೇ ಬೇರೆ ಎಂಬ ಪಾಠವನ್ನು ನಾವು ತರಗತಿಯಲ್ಲಿ ಎಷ್ಟು ಗಂಟೆ ಬೋಧಿಸಿದರೂ ಇಷ್ಟು ಸ್ಪಷ್ಟವಾಗಿ ಮನಗಾಣಿಸಲಾರೆವು.

ಅಲಕ್ಷಿತರ ಸಾಕ್ಷ್ಯವೂ ಇಲ್ಲಿ ಗಮನಾರ್ಹವಾದುದು. ಕ್ರೀಚರ್ ಎಂಬ ಮನೆಯಾಳನ್ನು ಆದರದಿಂದ ಮಾತನಾಡಿಸಿದವರು ವಿರಳ. ಕುಳ್ಳಿರಿಸಿ ಕೇಳಿದಾಗ, ತನ್ನ ಯಜಮಾನನಾದ ರೆಗ್ಯುಲಸನು ಪ್ರಾಣವನ್ನು ಒತ್ತೆಯಿಟ್ಟು ಮಾಡಿದ ಸಾಹಸವನ್ನು ಅವನೇ ತಿಳಿಸುತ್ತಾನೆ. ಅದನ್ನು ಬಲ್ಲವರು ಬೇರೊಬ್ಬರಿರಲಿಲ್ಲ. ಗ್ರಿಪ್‌ಹುಕ್ ಎಂಬ ಗಾಬ್ಲಿನನ ವಾದವೂ ಈ ಜಾತಿಯದು. ಗ್ರಿಫಿಂಡರನ ಖಡ್ಗವನ್ನು ಕಡೆದವರು ಗಾಬ್ಲಿನರು. ವಸ್ತುವು ಅದನ್ನು ನಿರ್ಮಿಸಿದವನದು, ಕೊಂಡವನು ಜೀವಮಾನಕ್ಕೆ ಮಾತ್ರ ಅನುಭೋಗಿ ಎಂಬುದು ಅವರ ಧರ್ಮ. ಒಂದೇ ಖಡ್ಗಕ್ಕೆ ಎರಡು ಜನಾಂಗಗಳು ಎರಡು ಚರಿತ್ರೆಗಳನ್ನು ಹೇಳುತ್ತವೆ.

ಸ್ನೇಪನ ಪ್ರಕರಣದಲ್ಲಿ ಮಾತ್ರ ಗ್ರಂಥವು ತಾನು ಕಲಿಸಿದುದನ್ನು ತಾನೇ ಮರೆಯುತ್ತದೆಯೆಂದು ನಮಗೆ ತೋರುತ್ತದೆ. ಮರಣಕಾಲದಲ್ಲಿ ಅವನು ಒಪ್ಪಿಸಿದ ನೆನಪುಗಳನ್ನು ಹ್ಯಾರಿಯು ಪೂರ್ಣಸತ್ಯವೆಂದೇ ಗ್ರಹಿಸಿ ಸಾಯಲು ಹೊರಡುತ್ತಾನೆ. ನೆನಪನ್ನೂ ತಿದ್ದಬಹುದೆಂಬುದಕ್ಕೆ ಆರನೆಯ ಸಂಪುಟದಲ್ಲಿ ಸ್ಲಗ್‌ಹಾರ್ನನ ನಿದರ್ಶನವಿದೆ. ಸ್ನೇಪನಾದರೋ ಮನಸ್ಸನ್ನು ಮುಚ್ಚಿಡುವುದರಲ್ಲಿ ನಿಪುಣ. ಇದಕ್ಕೆ ಸಮಾಧಾನವಿಲ್ಲದಿಲ್ಲ: ಕಾಡಿನಲ್ಲಿ ಖಡ್ಗದೆಡೆಗೆ ದಾರಿ ತೋರಿದ ಬೆಳ್ಳಿಯ ಹೆಣ್ಣುಜಿಂಕೆಯನ್ನು ಹ್ಯಾರಿಯು ಮೊದಲೇ ಕಂಡಿದ್ದನು, ಅದು ಸ್ವತಂತ್ರವಾದ ಸಮರ್ಥನೆ. ಯುದ್ಧದ ನಡುವೆ ಪರಾಮರ್ಶೆಗೆ ಅವಕಾಶವಿಲ್ಲವೆಂಬುದೂ ನಿಜ. ಆದರೂ ಸಂದೇಹವೊಂದು ಅವನ ಮನಸ್ಸಿನಲ್ಲಿ ಸುಳಿದಿದ್ದರೆ ಅವನ ತ್ಯಾಗದ ತೂಕ ಹೆಚ್ಚುತ್ತಿತ್ತೇ ಹೊರತು ಕುಗ್ಗುತ್ತಿರಲಿಲ್ಲ.

ನಮ್ಮ ಮುಖ್ಯ ಆಕ್ಷೇಪಣೆ ಉಪಸಂಹಾರವನ್ನು ಕುರಿತದ್ದು. ಹ್ಯಾರಿಯ ತಂದೆತಾಯಿಗಳ ಸಮಾಧಿಶಿಲೆಯಲ್ಲಿ ೧೯೮೧ ಎಂಬ ಇಸವಿಯಿದೆ. ಅದರಿಂದ ಗಣಿಸಿದರೆ ಕೊನೆಯ ಯುದ್ಧವು ೧೯೯೮ಕ್ಕೂ, ಹತ್ತೊಂಬತ್ತು ವರ್ಷಗಳ ಅನಂತರದ ಉಪಸಂಹಾರವು ೨೦೧೭ಕ್ಕೂ ಬೀಳುತ್ತವೆ. ಮೊದಲ ವಾಚಕರಿಗೆ ಭವಿಷ್ಯವಾಗಿದ್ದ ಆ ವರ್ಷ ಈಗ ನಮಗೆ ಭೂತಕಾಲ. ರೈಲುನಿಲ್ದಾಣದಲ್ಲಿ ನಾವು ಕಾಣುವುದು ಮದುವೆಗಳನ್ನು, ಮಕ್ಕಳನ್ನು, ಸತ್ತವರ ಹೆಸರುಗಳನ್ನು ಹೊತ್ತ ಮುಂದಿನ ಪೀಳಿಗೆಯನ್ನು. ಸಾಮಾನ್ಯ ಮನೆತನಗಳಲ್ಲಿ ಹುಟ್ಟಿದ ಮಾಂತ್ರಿಕರನ್ನು ಪಟ್ಟಿಮಾಡಿ ವಿಚಾರಣೆಗೆ ಎಳೆತಂದ ಆಯೋಗದ ಗತಿಯೇನಾಯಿತು? ಅದನ್ನು ನಡೆಸಿದವರೆಲ್ಲರೂ ಹೊರಗಿನಿಂದ ಬಂದ ರಾಕ್ಷಸರಲ್ಲ. ಅದರ ಮುಖ್ಯಸ್ಥೆಯಾದ ಅಂಬ್ರಿಜಳು ಪ್ರಭುತ್ವ ಬೀಳುವ ಮುಂಚೆಯೂ ಅದೇ ಕಚೇರಿಯಲ್ಲಿ ಅಧಿಕಾರಿಣಿಯಾಗಿದ್ದವಳು. ಹಂಗಾಮಿ ಮಂತ್ರಿಯೊಬ್ಬನು ನೇಮಕವಾದನೆಂಬಂತಹ ಕೆಲವು ಮಾತುಗಳ ಹೊರತು ಗ್ರಂಥವು ಇದರ ಬಗೆಗೆ ಬಹುಮಟ್ಟಿಗೆ ಮೌನವಾಗಿದೆ. ಕ್ರೀಚರನ ಕುಲದವರ ದಾಸ್ಯವೇನಾಯಿತೆಂಬುದೂ ತಿಳಿಯದು. ಖಡ್ಗವು ಮತ್ತೆ ಟೋಪಿಯೊಳಗಿಂದ ಮಾಂತ್ರಿಕನ ಕೈಗೆ ಬರುತ್ತದೆ. ಗಾಬ್ಲಿನನ ವಾದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಲೇಖಿಕೆಯು ಮುಂದೆ ಸಂದರ್ಶನಗಳಲ್ಲಿ ಕೆಲವು ವಿವರಗಳನ್ನು ಒದಗಿಸಿದ್ದುಂಟು. ಅವು ಗ್ರಂಥದ ಭಾಗವಲ್ಲ.

ಮಕ್ಕಳಿಗಾಗಿ ಬರೆದ ಕಥೆಯಿಂದ ಶಾಸನಸುಧಾರಣೆಯ ವರದಿಯನ್ನು ಅಪೇಕ್ಷಿಸುವುದು ಅನ್ಯಾಯವೆಂದು ನಮ್ಮ ವಿದ್ಯಾರ್ಥಿಗಳು ವಾದಿಸುತ್ತಾರೆ. ಬಳಲಿದವನಿಗೆ ಮನೆ ಮಕ್ಕಳ ಶಾಂತಿ ದೊರೆತರೆ ಅದೇ ಫಲವೆನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಈ ಪುಸ್ತಕಗಳೊಡನೆಯೇ ಬೆಳೆದ ನಮಗೂ ಆ ಪುಟವನ್ನು ಮುಚ್ಚುವಾಗ ಕಣ್ಣು ತೇವವಾಗದೆ ಇರಲಿಲ್ಲ. ಆದರೆ ಗುರುವಿನ ಕೀರ್ತಿಯನ್ನು ಒರೆಗೆ ಹಚ್ಚಲು ಕಲಿಸಿದ ಗ್ರಂಥವೇ ಗೆಲುವನ್ನು ಒರೆಗೆ ಹಚ್ಚದೆ ಬಿಟ್ಟಿತೆಂಬ ಕೊರಗು ಉಳಿಯುತ್ತದೆ. ವಿಜಯವು ಒಂದು ದಿನದ ಸಂಗತಿ. ಅದರ ಮರುದಿನದಿಂದ ತೊಡಗುವುದೇ ಚರಿತ್ರೆ. ಪ್ರೀತಿಯಿಂದ ಓದಿದ ಗ್ರಂಥಕ್ಕೂ ಈ ಪ್ರಶ್ನೆಯನ್ನು ಹಾಕುವುದು ಅಗೌರವವಲ್ಲ. ಹಾಗೆ ಪ್ರಶ್ನಿಸುವುದನ್ನು ನಮ್ಮ ತರುಣ ವಾಚಕರು ಆ ಗ್ರಂಥದಿಂದಲೇ ಕಲಿಯಬಹುದು.