ಬಿಚ್ಚಿ ನೋಡಬಹುದಾದ ರೆಕ್ಕೆ

ಸ್ವಂತ ಕೈಯಿಂದ ಕಟ್ಟುವ ವಿಮಾನದಲ್ಲಿ ಎಂಜಿನ್ ಹೇಗೂ ಕೊಂಡು ತಂದದ್ದು. ಕಟ್ಟುವವನ ಕೈಗುಣ ಗೊತ್ತಾಗುವುದು ರೆಕ್ಕೆಯಲ್ಲಿ. ಮೇಲಿದ್ದಾಗ ಎಂಜಿನ್ ನಿಂತರೆ ತೇಲಿಕೊಂಡು ಬಂದು ಯಾವುದಾದರೂ ಬಯಲಿಗೆ ಇಳಿಯಬಹುದು. ರೆಕ್ಕೆ ಮುರಿದರೆ ಮಾಡುವುದಕ್ಕೇನೂ ಉಳಿಯುವುದಿಲ್ಲ. ಹಾಗಾಗಿ ಇಂಥ ರೆಕ್ಕೆಯನ್ನು ಅಳೆಯಲು ನನ್ನಲ್ಲಿರುವುದು ಒಂದೇ ಪ್ರಶ್ನೆ: ಕಟ್ಟಿದವನು ಹತ್ತು ವರ್ಷದ ಮೇಲೂ ಅದರ ಒಳಗನ್ನು ತಾನೇ ನೋಡಿ ತಿಳಿಯಬಲ್ಲನೇ?

ಈ ಪ್ರಶ್ನೆಗೆ ಎರಡು ತದ್ವಿರುದ್ಧ ಉತ್ತರಗಳು ಬೆಂಗಳೂರಿನಲ್ಲೇ ತಯಾರಾಗಿವೆ. ಮೊದಲನೆಯದು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, 1987ರಲ್ಲಿ ಹಾರಿಸಿದ ಎಲ್‌ಸಿಆರ್‌ಎ ಎಂಬ ಪುಟ್ಟ ವಿಮಾನ. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ರೂಪಿಸಿದ ಲಾಂಗ್-ಈಜಿ ಅದರ ಮೂಲ. ಆ ರೆಕ್ಕೆ ಹುಟ್ಟುವ ರೀತಿಯೇ ಬೆರಗು. ಫೋಮ್ ದಿಮ್ಮಿಯ ಎರಡೂ ತುದಿಗೆ ರೆಕ್ಕೆಯ ಅಡ್ಡಕೊಯ್ತದ ಆಕಾರದ ಅಚ್ಚುಹಲಗೆ ಬಡಿಯುತ್ತಾರೆ. ಕರೆಂಟು ಹರಿಸಿ ಕಾಯಿಸಿದ ತಂತಿಯನ್ನು ಇಬ್ಬರು ಆಚೀಚೆ ಹಿಡಿದು, ಹಲಗೆಯ ಮೇಲೆ ಗುರುತಿಸಿದ ಅಂಕಿಗಳನ್ನು ಒಟ್ಟಿಗೆ ಕೂಗುತ್ತ ಎಳೆಯುತ್ತಾರೆ. ಒಬ್ಬ ಕ್ಷಣ ತಡೆದರೂ ಅಲ್ಲಿ ಫೋಮ್ ಕರಗಿ ತಗ್ಗು ಬೀಳುತ್ತದೆ. ಆಮೇಲೆ ಅದರ ಮೇಲೆ ಗಾಜುನಾರಿನ ಬಟ್ಟೆ, ಎಪಾಕ್ಸಿ ಅಂಟು. ರಿವೆಟ್ಟುಗಳಿಲ್ಲ, ಸಾಲು ಪಕ್ಕೆಗಳಿಲ್ಲ. ಕೈ ಸವರಿದರೆ ಎಲ್ಲೂ ತಡೆಯಿಲ್ಲ. ಗಾಳಿಗೆ ಇದಕ್ಕಿಂತ ಒಪ್ಪುವ ಮೈಯನ್ನು ಮನೆಯಲ್ಲಿ ಮಾಡುವುದು ಕಷ್ಟ.

ಆದರೆ ಅಂಟು ಒಣಗಿದ ಮೇಲೆ ಆ ರೆಕ್ಕೆ ಬಾಯಿ ಮುಚ್ಚಿಬಿಡುತ್ತದೆ. ಪದರಗಳ ನಡುವೆ ಗಾಳಿಗುಳ್ಳೆ ಉಳಿದಿದೆಯೇ, ಅಂಟಿನ ಎರಡು ದ್ರವಗಳ ಅಳತೆ ತಪ್ಪಿತ್ತೇ ಎಂಬುದು ಕಣ್ಣಿಗೆ ಕಾಣದು. ನಾಣ್ಯದಿಂದ ತಟ್ಟಿ ಸದ್ದಿನ ವ್ಯತ್ಯಾಸ ಕೇಳುವುದು ಒಂದು ಉಪಾಯ, ಅದಕ್ಕೂ ಪಳಗಿದ ಕಿವಿ ಬೇಕು. ಹವೆ ಬೇರೆ ಕಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಕೆಲವು ಎಪಾಕ್ಸಿಗಳ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಅದನ್ನು ತೊಳೆಯದೆ ಮುಂದಿನ ಪದರ ಹಾಕಿದರೆ ಹಿಡಿತ ಕೆಡುತ್ತದೆ. ಬಿಸಿಲಿಗೆ ಕಾದರೆ ಅಂಟು ಮೆತ್ತಗಾಗುವ ಭಯವಿರುವುದರಿಂದಲೇ ಲಾಂಗ್-ಈಜಿಗೆ ಬಿಳಿ ಬಣ್ಣ ಬಳಿಯಬೇಕೆಂಬ ಕಟ್ಟುನಿಟ್ಟು. ಅರೆಮಲೆನಾಡಿನ ಹಾನಗಲ್ಲಿನ ಆಷಾಢದ ಜಡಿಮಳೆಯನ್ನೂ ಸವಣೂರಿನ ಎರೆಹೊಲದ ಏಪ್ರಿಲ್ ಬಿಸಿಲನ್ನೂ ನೆನೆದರೆ, ಹಾವೇರಿ ಜಿಲ್ಲೆಯ ಹುಡುಗನೊಬ್ಬನಿಗೆ ಈ ರೆಕ್ಕೆ ಕಟ್ಟು ಎಂದು ಹೇಳಲು ನನಗೆ ಬಾಯಿ ಬಾರದು. ಎನ್‌ಎಎಲ್‌ಗೆ ಮಾತ್ರ ಅದು ಒಳ್ಳೆಯ ಪಾಠವಾಗಿತ್ತು. ಅಲ್ಲಿ ಪರೀಕ್ಷಿಸುವ ಸಲಕರಣೆಯಿತ್ತು, ಜನರಿದ್ದರು. ನಾರು-ಅಂಟಿನ ಅದೇ ಹಾದಿಯಲ್ಲಿ 1993ರ ನವೆಂಬರಿನಲ್ಲಿ ಅದರದೇ ಹಂಸ ಎಂಬ ವಿಮಾನ ಹಾರಿತು.

ಎರಡನೆಯದು ರಾಜ್‌ಹಂಸ ಅಲ್ಟ್ರಾಲೈಟ್ಸ್ ಕಂಪನಿಯ ಎಕ್ಸ್-ಏರ್ ಎಂಬ ಮೈಕ್ರೋಲೈಟ್, ಅಂದರೆ ಅತಿ ಹಗುರ ವಿಮಾನ. ಜೋಯೆಲ್ ಕೋಕ್ಲಾನ್ ಎಂಬ ಫ್ರೆಂಚ್ ಹಾರಾಟಗಾರ ಬೆಂಗಳೂರಿನಲ್ಲಿ ಕಟ್ಟಿದ ಕಂಪನಿ ಅದು. ಅದರ ಕಿಟ್‌ಗಳು ಬ್ರಿಟನ್, ಫ್ರಾನ್ಸ್‌ಗಳ ಶೆಡ್ಡುಗಳಲ್ಲಿ ವಿಮಾನವಾಗಿವೆ. ನಮ್ಮ ನಾಡಿನಿಂದ ಹೋದ ರೆಕ್ಕೆಗಳ ಬಗ್ಗೆ ನಮ್ಮಲ್ಲೇ ಇಷ್ಟು ಕಡಿಮೆ ಬರಹವಿದೆ ಎಂಬುದು ನನಗೆ ನಿಜವಾಗಿ ನೋವಿನ ವಿಷಯ.

ಈ ರೆಕ್ಕೆ ನೋಡಲು ಬಡವಾಗಿದೆ. ಮುಂದಿನ ಅಂಚಿಗೊಂದು, ಹಿಂಭಾಗಕ್ಕೊಂದು ಅಲ್ಯೂಮಿನಿಯಂ ಪೈಪು, ಎರಡನ್ನೂ ದೂರ ಹಿಡಿಯುವ ಅಡ್ಡಪೈಪುಗಳು, ಎಲ್ಲಕ್ಕೂ ನಟ್ಟು-ಬೋಲ್ಟು. ಮೊದಲೇ ಹೊಲಿದು ಬಂದ ಡೇಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆಯನ್ನು ದಿಂಬಿಗೆ ಗವಸು ತೊಡಿಸಿದಂತೆ ಈ ಚೌಕಟ್ಟಿಗೆ ಎಳೆದು ಬಿಗಿಯುತ್ತಾರೆ. ಬಾಗಿಸಿದ ಪಟ್ಟಿಗಳು ಬಟ್ಟೆಗೆ ರೆಕ್ಕೆಯ ಉಬ್ಬು ಕೊಡುತ್ತವೆ. ಜಾಣತನವೆಲ್ಲ ವಿಮಾನದ ಮೈಯಿಂದ ರೆಕ್ಕೆಗೆ ಕೊಟ್ಟ ಊರುಗೋಲಿನಲ್ಲಿದೆ (ಸ್ಟ್ರಟ್). 450 ಕೆಜಿ ತೂಕದ ಮೈಕ್ರೋಲೈಟ್ ನಾಲ್ಕು ಪಟ್ಟು ಭಾರಕ್ಕೆ ಒಳಗಾದಾಗ ರೆಕ್ಕೆಗಳು ಒಟ್ಟು 1800 ಕೆಜಿಯನ್ನು ಹೊರಬೇಕು. ರೆಕ್ಕೆ ಬುಡದಲ್ಲಷ್ಟೇ ಹಿಡಿದುಕೊಂಡಿದ್ದರೆ ಆ ಬಾಗುವ ಬಲವೆಲ್ಲ ಬುಡಕ್ಕೇ ಬಂದು, ದಪ್ಪ ತೊಲೆ ಬೇಕಾಗುತ್ತಿತ್ತು. ಕೆಳಗಿನಿಂದ ಓರೆಯಾಗಿ ಹೋಗುವ ಊರುಗೋಲು ರೆಕ್ಕೆಯನ್ನು ಮೇಲೆ ಹೋಗಗೊಡದೆ ಎಳೆದು ಹಿಡಿಯುತ್ತದೆ, ಹಾಗಾಗಿ ಪೈಪು ಸಾಕಾಗುತ್ತದೆ. ಗಾಳಿಗೆ ಇದು ತಡೆ ಹೌದು, ವೇಗ ಸಿಗದು ಹೌದು. ಆ ಬೆಲೆ ತೆರಲು ನಾನು ಸಿದ್ಧ.

ಎಕ್ಸ್-ಏರ್‌ನ ನಿಜವಾದ ದೌರ್ಬಲ್ಯ ಬಟ್ಟೆಯದು. ಬಿಸಿಲಿನ ನೇರಳಾತೀತ ಕಿರಣ ಪಾಲಿಯೆಸ್ಟರ್ ನೂಲನ್ನು ತಿನ್ನುತ್ತದೆ, ಬಣ್ಣ ಮಾಸುವುದಕ್ಕೆ ಮೊದಲೇ ಬಲ ಇಳಿದಿರಬಹುದು. ಬ್ರಿಟನ್ನಿನಲ್ಲಿ ಬೆಟ್ಸೋಮೀಟರ್ ಎಂಬ ಸರಳ ಸಾಧನದಿಂದ ಬಟ್ಟೆಗೆ ಸೂಜಿ ಚುಚ್ಚಿ, ನಿಗದಿಯಾದ ಎಳೆತವನ್ನು ಅದು ತಡೆಯುತ್ತದೆಯೇ ಎಂದು ನೋಡುತ್ತಾರೆ. ಹೊಲಿಗೆಯನ್ನೂ ಹಾಗೆಯೇ ಎಳೆದು ನೋಡುತ್ತಾರೆ. ಅಲ್ಲಿನ ಮಂಕು ಬಿಸಿಲಿಗೇ ಇಷ್ಟು ಎಚ್ಚರವಿದ್ದರೆ ನಮ್ಮಲ್ಲಿ ಎಷ್ಟಿರಬೇಕು! ಇನ್ನೊಂದು ಮಾತು: ಗವಸು ಪೈಪನ್ನು ಮುಚ್ಚುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂಗೆ ತಾಗಿದಲ್ಲಿ ತೇವ ಸೇರಿದರೆ ಬಿಳಿ ಪುಡಿ ಏಳುತ್ತದೆ, ತೂತಿನ ಸುತ್ತ ಲೋಹ ಸವೆಯುತ್ತದೆ. ಆದರೆ ಗವಸು ಕಳಚಬಹುದು, ಬೋಲ್ಟು ಬಿಚ್ಚಬಹುದು, ಕೆಟ್ಟ ಪೈಪು ಬದಲಿಸಬಹುದು. ನನ್ನ ತಕ್ಕಡಿ ಈ ಕಡೆಗೆ ವಾಲುವುದು ಇದರಿಂದಲೇ.

ಕಟ್ಟುವವನ ಕಣ್ಣಿಗೆ ಎಷ್ಟು ಬೆಲೆ ಎಂಬುದಕ್ಕೆ ಈಚಿನ ಸಾಕ್ಷಿ ಅಮೆರಿಕದ ವ್ಯಾನ್ಸ್ ಕಂಪನಿಯ ಕಿಟ್‌ಗಳು. ಅದರ ಕೆಲವು ತಗಡುಗಳಿಗೆ ಲೇಸರಿನಿಂದ ತೂತು ಕೊರೆಸಲಾಗಿತ್ತು. ರಿವೆಟ್ ತಲೆ ಕೂರಲೆಂದು ತೂತಿನ ಅಂಚು ಒತ್ತುವಾಗ ಸಣ್ಣ ಬಿರುಕುಗಳು ಬಂದವು. ಗ್ಯಾರೇಜುಗಳಲ್ಲಿ ಕಟ್ಟುತ್ತಿದ್ದವರ ಕಣ್ಣಿಗೆ ಅವು ಬಿದ್ದವು, ವಿಷಯ ಬಯಲಾಯಿತು. ಈ ಹೊಡೆತವೂ ಸೇರಿ 2023ರ ಡಿಸೆಂಬರಿನಲ್ಲಿ ಕಂಪನಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯಕ್ಕೆ ಹೋಯಿತು. ಕಾರ್ಖಾನೆಯ ತಪ್ಪನ್ನು ಹಿಡಿದದ್ದು ಹವ್ಯಾಸಿಗಳ ಕೈ.

ಅಂಥ ಕೈಗಳಿಗೆ ನಮ್ಮಲ್ಲೂ ಬರವಿಲ್ಲ. ಶಿಗ್ಗಾಂವಿಯ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ, ಹಿರೇಕೆರೂರಿನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಬೋಲ್ಟು ಎಷ್ಟು ಬಿಗಿದರೆ ಸಾಕು ಎಂದು ಬೆರಳಿಗೇ ಗೊತ್ತಿರುವವರಿದ್ದಾರೆ. ವಿಮಾನಕ್ಕೆ ಬೆರಳಿನ ಅಂದಾಜು ಸಾಲದು, ಟಾರ್ಕ್ ಪಾನಾ ಬೇಕು; ಹಾರಬೇಕಾದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಅನುಮತಿಯೂ ಬೇಕು. ವಿಮಾನ ನಿಲ್ದಾಣ ಹತ್ತಿರವೆಂದರೆ ಹುಬ್ಬಳ್ಳಿ ಇಲ್ಲವೇ ಶಿವಮೊಗ್ಗ, ಆದ್ದರಿಂದ ರೆಕ್ಕೆ ಕಳಚಿ ರಸ್ತೆಯಲ್ಲಿ ಒಯ್ಯುವಂತಿರಲೇಬೇಕು. ಎಕ್ಸ್-ಏರ್ ಅದಕ್ಕೂ ಒಗ್ಗುತ್ತದೆ. ಇಡುವ ಜಾಗದ ಬಗ್ಗೆ ಮಾತ್ರ ಕಟ್ಟುವವನು ಮೊದಲೇ ಯೋಚಿಸಲಿ. ಗೋವಿನಜೋಳದ ಗೋದಾಮಿನಲ್ಲಿ ಇಲಿ ಬಟ್ಟೆ ಕಡಿಯುತ್ತದೆ, ರಸಗೊಬ್ಬರದ ಗೋದಾಮಿನಲ್ಲಿ ಉಪ್ಪು ಅಲ್ಯೂಮಿನಿಯಂ ತಿನ್ನುತ್ತದೆ. ಬಿಸಿಲು ಬೀಳದ, ಸೋರದ, ಗಾಳಿಯಾಡುವ ಶೆಡ್ಡು ಕಿಟ್‌ಗಿಂತ ಮೊದಲು ಆಗಬೇಕು.